ಆಟವಾಡುವ ಮಕ್ಕಳಿಗೆ ಮೊಣಕಾಲು, ಸೊಂಟ ನೋವೇ? ಕಡೆಗಣಿಸಬೇಡಿ

ಮುಂಬೈ: ಸಚಿನ್ ತೆಂಡೂಲ್ಕರ್ ಬಾಲ್ಯ ಕಳೆದದ್ದು ಬಾಂದ್ರಾ ಪೂರ್ವದಲ್ಲಿ. ಅವರಂತೆ ಆಗುವ ಕನಸು ಹೊತ್ತ ಮಕ್ಕಳು ಈ ನಗರದಲ್ಲಿ ಅಸಂಖ್ಯ. 14 ವರ್ಷದೊಳಗಿನವರಿಗೆ ಜೈಲ್ಸ್ ಶೀಲ್ಡ್, 16 ವರ್ಷದೊಳಗಿನವರಿಗೆ ಹ್ಯಾರಿಸ್ ಶೀಲ್ಡ್ ಎಂದು ಶಾಲಾ ಹಂತದಲ್ಲೇ ಪೈಪೋಟಿ ಶುರು. ಅತಿಯಾದ ಅಭ್ಯಾಸದಿಂದ ಗಾಯವಾಗುವ ಅಪಾಯವೂ ಆಗಲೇ ಶುರು.

ಕಾರಣವೇನು?
ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದ್ವಸ್ಥಿಯ ಪದರವಿರುತ್ತದೆ. ಮೂಳೆ ಉದ್ದವಾಗುವುದು ಇಲ್ಲಿಂದಲೇ. ಇದು ಗಟ್ಟಿ ಮೂಳೆಗಿಂತ ದುರ್ಬಲ. ಹಾಗಾಗಿ ದೊಡ್ಡವರಿಗೆ ಬರೀ ಉಳುಕಾಗುವ ಪೆಟ್ಟು ಮಕ್ಕಳಲ್ಲಿ ಈ ಪದರಕ್ಕೇ ಹಾನಿ ಮಾಡಬಹುದು.

ಲಕ್ಷಣಗಳೇನು?
ಮೊಣಕಾಲ ಚಿಪ್ಪಿನ ಕೆಳಗೆ ಊತ, ನೋವು ಕಂಡರೆ ಅದು ಆಸ್‌ಗುಡ್-ಶ್ಲಾಟರ್ ಸಮಸ್ಯೆ ಇರಬಹುದು. ಆಟ ತಗ್ಗಿಸಿ, ಐಸ್ ಇಟ್ಟು, ಸೂಕ್ತ ವ್ಯಾಯಾಮ ಮಾಡಿದರೆ ಸಾಮಾನ್ಯವಾಗಿ ಗುಣವಾಗುತ್ತದೆ. ವೇಗದ ಬೌಲಿಂಗ್ ಮಾಡುವ ಮಕ್ಕಳ ಸೊಂಟ ನೋವು ಬೆನ್ನುಮೂಳೆಯ ಸಣ್ಣ ಬಿರುಕಿನ ಸೂಚನೆಯಾಗಿರಬಹುದು. ಬಿರುಕು ಖಚಿತವಾದರೆ ಕೆಲವು ತಿಂಗಳು ಬೌಲಿಂಗ್ ನಿಲ್ಲಿಸಬೇಕಾಗುತ್ತದೆ.

ಪೋಷಕರು ಏನು ಮಾಡಬೇಕು?
ಆಯ್ಕೆ ಪಂದ್ಯವಿದೆ ಎಂದು ನೋವಿನ ಮಾತ್ರೆ ಕೊಟ್ಟು ಆಡಿಸಬೇಡಿ. ಮಗು ಕುಂಟುತ್ತಿದ್ದರೆ, ರಾತ್ರಿ ನೋವಿನಿಂದ ಎಚ್ಚರಗೊಂಡರೆ ಮೂಳೆ ತಜ್ಞರಿಗೆ ಅಥವಾ ಕ್ರೀಡಾ ವೈದ್ಯರಿಗೆ ತೋರಿಸಿ. ಶಾಲೆ, ಕ್ಲಬ್, ಅಕಾಡೆಮಿ ಮೂರೂ ಕಡೆಯ ಅಭ್ಯಾಸವನ್ನು ಒಟ್ಟಿಗೆ ಲೆಕ್ಕ ಹಾಕಿ, ವಾರಕ್ಕೆ ಒಂದು ದಿನವಾದರೂ ಬಿಡುವು ಕೊಡಿ.