ವಸಡಿನ ಉರಿಯೂತ: ಕಾರಣ ತಿಳಿದುಬಂದ ಬಗೆ

ಬೆಳಗ್ಗೆ ಹಲ್ಲುಜ್ಜಿ ಉಗುಳಿದಾಗ ನೊರೆಯಲ್ಲಿ ರಕ್ತದ ಎಳೆಯೊಂದು ನಿಮಗೆ ಕಂಡಿದೆಯೆ? ಆಗ ಕೆಲವರು 'ಬ್ರಷ್ ಗಡುಸಾಯಿತು' ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ರಕ್ತ ಬರುವ ಜಾಗವನ್ನು ಬಿಟ್ಟು ಉಳಿದೆಡೆ ಮಾತ್ರ ಉಜ್ಜುತ್ತಾರೆ. ಹೀಗೆ ಬಿಡುವುದರಿಂದ ರೋಗ ಹೆಚ್ಚುತ್ತದೆ ಎಂಬುದು ಖಚಿತವಾದದ್ದು 1965ರಲ್ಲಿ. ಅಲ್ಲಿಯವರೆಗೆ ವೈದ್ಯರನ್ನು ಬಹುಕಾಲ ಕಾಡಿದ ಪ್ರಶ್ನೆ ಇದು: ವಸಡಿನ ರೋಗದ ಮೂಲ ಬಾಯಿಯಲ್ಲಿದೆಯೊ, ದೇಹದೊಳಗಿದೆಯೊ?

ಆರೋಗ್ಯವಾದ ವಸಡು ಗಟ್ಟಿಯಾಗಿದ್ದು ಹಲ್ಲಿನ ಬುಡವನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಅದರ ಬಣ್ಣ ನಸುಗೆಂಪು ಎಂದು ಪುಸ್ತಕಗಳು ಹೇಳುತ್ತವೆ. ಆದರೆ ನಮ್ಮಲ್ಲಿ ಅನೇಕರ ವಸಡು ಮೆಲನಿನ್ ವರ್ಣದ್ರವ್ಯದಿಂದಾಗಿ ಸಹಜವಾಗಿಯೇ ಕಪ್ಪಾಗಿರುತ್ತದೆ, ಅದು ರೋಗವಲ್ಲ. ಊತ, ಮೆದುವಾಗುವುದು, ಮುಟ್ಟಿದರೆ ರಕ್ತ ಬರುವುದು, ದುರ್ವಾಸನೆ, ಇವು ಉರಿಯೂತದ ಲಕ್ಷಣಗಳು.

ಪ್ರಾಚೀನರು ಕಂಡದ್ದು

ಈ ಲಕ್ಷಣಗಳನ್ನು ನಮ್ಮ ಪ್ರಾಚೀನ ವೈದ್ಯರು ಸೂಕ್ಷ್ಮವಾಗಿ ಗಮನಿಸಿದ್ದರು. ಸುಶ್ರುತ ಸಂಹಿತೆ ಬಾಯಿಯ 65 ರೋಗಗಳನ್ನು ಹೇಳುತ್ತದೆ; ಅವುಗಳಲ್ಲಿ 15 ಹಲ್ಲಿನ ಬುಡಕ್ಕೆ ಸೇರಿದವು. ಕಾರಣವಿಲ್ಲದೆ ರಕ್ತ ಒಸರಿ, ವಸಡು ಮೆದುವಾಗಿ ನಾರುವುದು 'ಶೀತಾದ'. ವಸಡು ಉರಿದು, ಕೀವಾಗಿ, ಹಲ್ಲು ಅಲುಗಾಡುವುದು 'ಉಪಕುಶ'. ಇಂದು ನಾವು ಜಿಂಜಿವೈಟಿಸ್, ಪೆರಿಯೊಡಾಂಟೈಟಿಸ್ ಎಂದು ಕರೆಯುವ ಎರಡು ಹಂತಗಳನ್ನು ಈ ವಿವರಣೆಗಳು ನೆನಪಿಸುತ್ತವೆ. ಕಾರಣವನ್ನು ಮಾತ್ರ ದೇಹದ ದೋಷಗಳಲ್ಲಿ, ಅಂದರೆ ಕೆಟ್ಟ ರಕ್ತ ಹಾಗೂ ಕಫ, ಪಿತ್ತಗಳಲ್ಲಿ ಹುಡುಕಲಾಗಿತ್ತು.

ಪ್ಯಾರಿಸ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಸಡಿನ ರೋಗವನ್ನು ಒಂದು ಬಗೆಯ ಸ್ಕರ್ವಿ ಎಂದು ಕರೆದ. ಈ ಹೋಲಿಕೆಗೆ ಕಾರಣವಿತ್ತು. ತಿಂಗಳುಗಟ್ಟಲೆ ಸಮುದ್ರದಲ್ಲಿರುತ್ತಿದ್ದ ನಾವಿಕರ ವಸಡು ಊದಿ, ರಕ್ತ ಸುರಿದು, ಹಲ್ಲುಗಳು ಉದುರುತ್ತಿದ್ದವು. 1747ರಲ್ಲಿ ಜೇಮ್ಸ್ ಲಿಂಡ್ 'ಸಾಲಿಸ್‌ಬರಿ' ಹಡಗಿನಲ್ಲಿ ಸ್ಕರ್ವಿ ಹಿಡಿದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಚಿಕಿತ್ಸೆ ಕೊಟ್ಟ. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಬೇಗನೆ ಚೇತರಿಸಿಕೊಂಡರು. ವಸಡಿನ ನಾರುಗಳಾದ ಕೊಲಾಜೆನ್ ಗಟ್ಟಿಯಾಗಿರಲು 'ಸಿ' ಜೀವಸತ್ವ ಬೇಕು ಎಂಬುದು 20ನೆಯ ಶತಮಾನದಲ್ಲಿ ತಿಳಿಯಿತು. ಅಂತೂ ವಸಡಿನ ಒಂದು ರೋಗವಾದರೂ ದೇಹದ ಕೊರತೆಯಿಂದ ಬರುತ್ತದೆಂದಾಯಿತು. ಹಾಗಾದರೆ ಹಣ್ಣು ತರಕಾರಿ ಚೆನ್ನಾಗಿ ತಿನ್ನುವವರ ವಸಡಿನಲ್ಲೂ ರಕ್ತ ಬರುವುದೇಕೆ?

ಹಲ್ಲಿನ ಸಂದಿಯ ಜೀವಿಗಳು

ಉತ್ತರದ ಸುಳಿವು 1683ರಲ್ಲೇ ಸಿಕ್ಕಿತ್ತು. ಹಾಲೆಂಡಿನ ಡೆಲ್ಫ್ಟ್ ನಗರದ ಲೇವನ್‌ಹುಕ್ ತನ್ನ ಹಲ್ಲುಗಳ ನಡುವಿನ ಬಿಳಿಯ ಲೋಳೆಯನ್ನು ತೆಗೆದು, ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ನೋಡಿದ. ಅಲ್ಲಿ ಪುಟ್ಟ ಜೀವಿಗಳು ಚಲಿಸುತ್ತಿದ್ದವು. ಹಲ್ಲನ್ನು ಎಂದೂ ತೊಳೆಯದ ಮುದುಕನೊಬ್ಬನ ಬಾಯಿಯಲ್ಲಿ ಅವು ಕಿಕ್ಕಿರಿದಿದ್ದವು. ದಿನವೂ ಉಪ್ಪಿನಿಂದ ಉಜ್ಜುವ ತನ್ನ ವಸಡಿನಲ್ಲಿ ರಕ್ತ ಬರುವುದಿಲ್ಲವೆಂದೂ ಆತ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಆದರೆ ಆ ಜೀವಿಗಳಿಗೂ ರೋಗಕ್ಕೂ ಸಂಬಂಧ ಕಲ್ಪಿಸಲಿಲ್ಲ.

19ನೆಯ ಶತಮಾನದಲ್ಲಿ ಅಮೆರಿಕದ ದಂತವೈದ್ಯ ಜಾನ್ ರಿಗ್ಸ್ ರೋಗದ ಮೂಲ ಹಲ್ಲಿಗೆ ಅಂಟಿದ ಕಿಟ್ಟ ಎಂದು ವಾದಿಸಿದ. ಕಿಟ್ಟವನ್ನು ಕೆರೆದು ತೆಗೆದು ಅಲುಗುವ ಹಲ್ಲುಗಳನ್ನೂ ಉಳಿಸಬಹುದೆಂದು ತೋರಿಸಿದ. ಅವನ ಕಾಲದಲ್ಲಿ ಈ ರೋಗಕ್ಕೆ 'ರಿಗ್ಸ್ ರೋಗ' ಎಂಬ ಹೆಸರೇ ಬಿದ್ದಿತ್ತು. ಆದರೂ ವಾದ ಮುಗಿಯಲಿಲ್ಲ. ಕೊಳೆಯಿಂದ ರೋಗವೊ, ರೋಗದಿಂದ ಕೊಳೆಯೊ ಎಂಬುದನ್ನು ನಿರ್ಧರಿಸುವ ಪ್ರಯೋಗವನ್ನು ಯಾರೂ ಮಾಡಿರಲಿಲ್ಲ.

ಹಲ್ಲುಜ್ಜುವುದನ್ನು ನಿಲ್ಲಿಸಿದ ಹನ್ನೆರಡು ಮಂದಿ

ಅದನ್ನು ಮಾಡಿದ್ದು ಹೆರಾಲ್ಡ್ ಲೋ ಮತ್ತು ಸಂಗಡಿಗರು, ಡೆನ್ಮಾರ್ಕಿನ ಆರ್ಹುಸ್‌ನಲ್ಲಿ. ಇಲ್ಲಿಯೂ 12 ಮಂದಿ, ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳು. ಎಲ್ಲರ ವಸಡೂ ಆರೋಗ್ಯವಾಗಿತ್ತು. ಅವರು ಹಲ್ಲುಜ್ಜುವುದನ್ನು ಸಂಪೂರ್ಣ ನಿಲ್ಲಿಸಿದರು. ಹಲ್ಲುಗಳ ಮೇಲೆ ಪ್ಲೇಕ್ ಎಂಬ ಬ್ಯಾಕ್ಟೀರಿಯಗಳ ಪೊರೆ ಬೆಳೆಯಿತು. ಮೊದಲಿದ್ದ ಗುಂಡು ಬ್ಯಾಕ್ಟೀರಿಯಗಳ ಜೊತೆಗೆ ಎಳೆಯಂಥವು, ಕೊನೆಗೆ ಸುರುಳಿಯಂಥವು ಸೇರಿಕೊಂಡವು. 10ರಿಂದ 21 ದಿನಗಳಲ್ಲಿ ಎಲ್ಲ ಹನ್ನೆರಡು ಮಂದಿಗೂ ಉರಿಯೂತ ಬಂದಿತು. ಮತ್ತೆ ಉಜ್ಜಲು ತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. 1965ರಲ್ಲಿ ಪ್ರಕಟವಾದ ಈ ಪ್ರಯೋಗ, ಸಾಮಾನ್ಯ ಜಿಂಜಿವೈಟಿಸ್‌ಗೆ ಪ್ಲೇಕ್ ಕಾರಣವೆಂದೂ ಅದು ಪೂರ್ಣ ವಾಸಿಯಾಗುತ್ತದೆಂದೂ ತೋರಿಸಿತು.

ಹಾಗೆಂದು ಎಲ್ಲ ಉರಿಯೂತವೂ ಒಂದೇ ಬಗೆಯದಲ್ಲ. ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರಿಕೆಯಿಂದ ಸ್ವಲ್ಪ ಪ್ಲೇಕ್ ಇದ್ದರೂ ವಸಡು ಹೆಚ್ಚು ಊದುತ್ತದೆ; ಹೆರಿಗೆಯ ಬಳಿಕ ಇಳಿಯುತ್ತದೆ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಔಷಧಿಯಿಂದ ವಸಡು ದಪ್ಪವಾಗಿ ಬೆಳೆದು ಹಲ್ಲನ್ನೇ ಮುಚ್ಚಬಹುದು. ಇದು 1939ರಲ್ಲಿ ವರದಿಯಾಯಿತು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕಾಡಿದ್ದು ಇನ್ನೊಂದು ಬಗೆ: ಹಠಾತ್ ನೋವು, ಹಲ್ಲಿನ ಸಂದಿಯ ವಸಡಿನ ತುದಿ ಕೊಳೆತು ಕತ್ತರಿಸಿದಂತಾಗುವುದು, ಬೂದು ಪೊರೆ, ಸಹಿಸಲಾಗದ ವಾಸನೆ. ಬಳಲಿಕೆ, ಅಪೌಷ್ಟಿಕತೆ, ಧೂಮಪಾನ ಇದಕ್ಕೆ ಇಂಬು ಕೊಡುತ್ತವೆ. ಬ್ಯಾಕ್ಟೀರಿಯಗಳ ಜೊತೆಗೆ ದೇಹದ ಸ್ಥಿತಿಯೂ ಸೇರಿಯೇ ರೋಗದ ರೂಪ ನಿರ್ಧಾರವಾಗುತ್ತದೆ ಎಂಬುದನ್ನು ಗಮನಿಸಿ.

ಚಹಾ ತೋಟದ ಪಾಠ

ಇದಕ್ಕೆ ದೊಡ್ಡ ಸಾಕ್ಷ್ಯ ಸಿಕ್ಕಿದ್ದು ಶ್ರೀಲಂಕಾದಲ್ಲಿ. ದಂತಚಿಕಿತ್ಸೆಯ ಸೌಲಭ್ಯವಿಲ್ಲದ, ಹಲ್ಲುಜ್ಜುವ ರೂಢಿಯೂ ಇಲ್ಲದ 480 ಮಂದಿ ಚಹಾ ತೋಟದ ಕಾರ್ಮಿಕರನ್ನು ಲೋ ಅವರ ತಂಡ 1970ರಿಂದ 15 ವರ್ಷ ಅಧ್ಯಯನ ಮಾಡಿತು. ಎಲ್ಲರ ಹಲ್ಲಿನಲ್ಲೂ ಪ್ಲೇಕ್ ಮತ್ತು ಕಿಟ್ಟ, ಎಲ್ಲರ ವಸಡಿನಲ್ಲೂ ಉರಿಯೂತ. ಆದರೆ ಸುಮಾರು ಶೇ. 8 ಮಂದಿಯಲ್ಲಿ ರೋಗ ವೇಗವಾಗಿ ಮೂಳೆಗೆ ಇಳಿಯಿತು, ಶೇ. 81ರಲ್ಲಿ ನಿಧಾನವಾಗಿ ಬೆಳೆಯಿತು, ಶೇ. 11ರಲ್ಲಿ ಜಿಂಜಿವೈಟಿಸ್ ಹಂತದಲ್ಲೇ ನಿಂತಿತು. ಅಂದರೆ ರೋಗ ಆರಂಭವಾಗಲು ಪ್ಲೇಕ್ ಬೇಕು. ಅದು ಎಷ್ಟು ಮುಂದುವರಿಯುತ್ತದೆ ಎಂಬುದು ದೇಹವನ್ನು ಅವಲಂಬಿಸಿದೆ. ಹಳೆಯ ಪ್ರಶ್ನೆಯ ಎರಡು ಉತ್ತರಗಳಲ್ಲೂ ಸತ್ಯವಿತ್ತು. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವರ್ಗೀಕರಣವು ಪೆರಿಯೊಡಾಂಟೈಟಿಸ್ಸನ್ನು ನಾಲ್ಕು ಹಂತಗಳಲ್ಲಿ ಅಳೆಯುವಾಗ, ಮಧುಮೇಹ ಮತ್ತು ಧೂಮಪಾನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಈಗ ನಿಮ್ಮ ಬ್ರಷ್ಷಿಗೆ ಮರಳೋಣ. ರಕ್ತ ಬರುವ ಜಾಗವನ್ನು ಬಿಡಬೇಡಿ. ಮೆದು ಬ್ರಷ್ಷಿನಿಂದ ಅಲ್ಲಿಯೇ ನಿಧಾನವಾಗಿ ಉಜ್ಜಿ. ಒಂದೆರಡು ವಾರಗಳಲ್ಲಿ ರಕ್ತ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಿ. ಗಟ್ಟಿಯಾದ ಕಿಟ್ಟ ಬ್ರಷ್ಷಿಗೆ ಬಗ್ಗುವುದಿಲ್ಲ, ಅದನ್ನು ಅವರೇ ತೆಗೆಯಬೇಕು. ಹಲ್ಲು ಶುಚಿ ಮಾಡಿಸಿದರೆ ಸಡಿಲವಾಗುತ್ತದೆಂಬ ಭಯ ಬೇಡ. ಕಿಟ್ಟ ಹೋದ ಮೇಲೆ ಅಲುಗಾಟ ಗೊತ್ತಾದರೆ, ರೋಗ ಮೊದಲೇ ಮೂಳೆಯನ್ನು ಸವೆಸಿತ್ತು ಎಂದು ಅರ್ಥ. ಬೀಡಿ, ಸಿಗರೇಟು ಸೇದುವವರಿಗೆ ಇನ್ನೊಂದು ಮಾತು: ಧೂಮಪಾನ ವಸಡಿನಿಂದ ರಕ್ತ ಬರುವುದನ್ನು ಕಡಿಮೆ ಮಾಡಿ ರೋಗವನ್ನು ಮರೆಮಾಚುತ್ತದೆ. ರಕ್ತ ಕಾಣಲಿಲ್ಲವೆಂದು ಅವರು ನಿಶ್ಚಿಂತರಾಗುವಂತಿಲ್ಲ. ಮೂಳೆ ಸವೆದ ಮೇಲೆ ಹಿಂದಿನ ಸ್ಥಿತಿ ಪೂರ್ಣವಾಗಿ ಮರಳುವುದಿಲ್ಲ. ಜಿಂಜಿವೈಟಿಸ್ ಹಂತದಲ್ಲಿ ಮಾತ್ರ, ಆರ್ಹುಸ್‌ನ ಆ ಹನ್ನೆರಡು ಮಂದಿಗೆ ಮರಳಿದಂತೆ, ನಿಮಗೂ ಮರಳುತ್ತದೆ.