ಮುಧೋಳ ನಾಯಿಗೆ ಎಷ್ಟ ಹೆಸರ

ಬಾಜೂ ಮನಿಗೆ ಸೋಲಾಪುರ ಕಡಿಂದ ಸೊಸಿ ಬಂದು ಮೂರು ತಿಂಗಳಾತು. ಮೊನ್ನೆ ಕಟ್ಟಿ ಮ್ಯಾಲೆ ಕುಂತಾಗ ಸಣ್ಣ ನಡದ ಉದ್ದ ಮಾರಿ ನಾಯಿ ಒಂದು ಹಾದು ಹೋತು. "ಅತ್ಯಾರ, ನಿಮ್ಮ ಕಡೆನೂ ಕಾರವಾನಿ ಅದಾವೇನ್ರಿ?" ಅಂದ್ಲು. "ಅದು ಮುಧೋಳ ನಾಯಿ" ಅಂದೆ. ನನ್ನ ತವರು ಮುಧೋಳ ನೋಡ್ರಿ, ಸ್ವಲ್ಪ ಸಿಟ್ಟೂ ಬಂತು. ಆಮ್ಯಾಲೆ ವಿಚಾರ ಮಾಡಿದ್ರ ಇಬ್ಬರದೂ ಖರೇನ.

ಕಾರವಾನ್ ಅನ್ನೋದು ಪರ್ಷಿಯನ್ ಮಾತು. ಒಂಟಿ, ಕುದರಿ ಮ್ಯಾಲೆ ಸಾಮಾನು ಹೇರಿಕೊಂಡು ಗುಂಪಾಗಿ ಊರೂರು ತಿರುಗೋ ವ್ಯಾಪಾರಿಗಳ ತಂಡ ಅಂತ ಅರ್ಥ. ಅಂಥವರ ಬೆನ್ನಹತ್ತಿ ಈ ನಾಯಿಯ ಹಿರೇಕರು ಪಶ್ಚಿಮ ಏಷ್ಯಾದಿಂದ ಬಂದ್ವು ಅಂತ ಹೇಳ್ತಾರ. ಕಿವಿ, ಬಾಲಕ್ಕ ರೇಷ್ಮಿಯಂಥ ಕೂದಲಿದ್ದದ್ದಕ್ಕ ಪಶ್ಮಿ ಅಂತಾರ. ಪಶ್ಮ್ ಅಂದ್ರ ಉಣ್ಣಿ. ಪಶ್ಮೀನಾ ಶಾಲಿನ ಹೆಸರೂ ಅದರಿಂದನ ಬಂದದ್ದು.

ಮತ್ತ ಮುಧೋಳ ಹೆಂಗ ಬಂತು? ಬ್ಯಾಟಿ ಆಡೋ ಮಂದಿ ಹತ್ರ ಇದ್ದ ಈ ನಾಯಿಗಳನ್ನ ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ ಘೋರ್ಪಡೆಯವರು ಆರಿಸಿ ಸಾಕಿ ಬೆಳೆಸಿದ್ರು. ಇಂಗ್ಲೆಂಡಿನ ದೊರಿ ಐದನೆಯ ಜಾರ್ಜಗ ಒಂದು ಜೋಡಿ ಕಾಣಿಕಿ ಕೊಟ್ರು, ಆ ದೊರಿನ 'ಮುಧೋಳ ಹೌಂಡ್' ಅಂತ ಕರದ ಅಂತ ನಮ್ಮ ಕಡೆ ಹೇಳ್ಕೋತ ಬಂದಾರ. ಹೌಂಡ್ ಅಂದ್ರ ಬ್ಯಾಟಿ ನಾಯಿ.

ನನ್ನ ತವರಾಗ ಅಪ್ಪ ಎಂದೂ ಮುಧೋಳ ನಾಯಿ ಅಂದವರಲ್ಲ, ಬರೇ ಬ್ಯಾಟಿ ನಾಯಿ ಅಂತಿದ್ರು. ಊರು ಬಿಟ್ಟು ಹೊರಗ ಹೋದ ಮ್ಯಾಲೇನ ಊರ ಹೆಸರು ಹತ್ತೋದು. ನಾನೂ ಹಂಗ. ತೇರದಾಳಕ್ಕ ಲಗ್ನ ಆಗಿ ಬಂದ ದಿನದಿಂದ "ಮುಧೋಳದಾಕಿ" ಆದೆ.

1972ರ ಕಾಯ್ದೆ ಬಂದ ಮ್ಯಾಲೆ ಬ್ಯಾಟಿ ನಿಂತು, ನಾಯಿಗೆ ಕೆಲಸ ಹೋತು. ಹೆಸರು ಮಾತ್ರ ಕೈ ಬಿಡಲಿಲ್ಲ. 2005ರಾಗ ಮುಧೋಳ ಹೌಂಡ್ ಅಂತ ಅಂಚೆ ಚೀಟಿ ಬಂತು. ತಿಮ್ಮಾಪುರದಾಗ ಬೀದರ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಆತು. 2016ರಾಗ ಮರಿಗಳು ಮೀರತ್‌ಗೆ ಸೈನ್ಯದ ತರಬೇತಿಗೆ ಹೋದ್ವು. ಇಷ್ಟಾದ್ರೂ ಭಾರತದ ಕೆನಲ್ ಕ್ಲಬ್ಬಿನ ದಾಖಲೆದಾಗ ಅದು ಇವತ್ತಿಗೂ ಕಾರವಾನ್ ಹೌಂಡ್ ಅಂತನ ಐತಿ!

ಇದನ್ನೆಲ್ಲಾ ಆ ಹುಡುಗಿಗೆ ಹೇಳ್ಕೋತ ಇದ್ದಾಗ ಥಟ್ಟನ ನೆನಪಾತು. ಮೂರು ತಿಂಗಳಿಂದ ನಾವೆಲ್ಲಾ ಆಕಿನ್ನ "ಸೋಲಾಪುರದಾಕಿ" ಅಂತನ ಕರಿಯಾಕತ್ತೇವಿ. ನಾಯಿ ಹೆಸರಿಗೆ ಇಷ್ಟು ಜಗಳ ಮಾಡಿದಾಕಿ, ಆಕಿ ಹೆಸರು ಒಮ್ಮಿನೂ ಕೇಳಿರಲಿಲ್ಲ.

"ನಿನ್ನ ಹೆಸರೇನವಾ?" ಅಂದೆ. ನಕ್ಕು ಹೇಳಿದ್ಲು. ಈಗ ಹೆಸರು ಹಿಡದನ ಕರೀತೀನಿ.