ಎಂಟಿಆರ್, ಸೆರಂಗೂನ್ ರಸ್ತೆ

ಸಿಂಗಪುರದ ಲಿಟಲ್ ಇಂಡಿಯಾದಲ್ಲಿರುವ ಕನ್ನಡ ನಾಡಿನ ರುಚಿಯ ಸಸ್ಯಾಹಾರಿ ಹೋಟೆಲು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನ (ಎಂಟಿಆರ್) ಶಾಖೆಯಾಗಿ 2013ರಲ್ಲಿ, ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರಿಗೆ ಶುರುವಾಯಿತು.

ಬೆಂಗಳೂರಿನ ಹೋಟೆಲನ್ನು ಕಟ್ಟಿದ ಮಯ್ಯ ಮನೆತನದ ಮೂಲ ಉಡುಪಿ ಜಿಲ್ಲೆಯ ಕೋಟದ ಬಳಿಯ ಪಾರಂಪಳ್ಳಿ. ಯಜ್ಞನಾರಾಯಣ ಮಯ್ಯ ಮತ್ತು ಸಹೋದರರು 1924ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ‘ಬ್ರಾಹ್ಮಿನ್ಸ್ ಕಾಫಿ ಕ್ಲಬ್’ ತೆರೆದರು. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿನ ಹೋಟೆಲುಗಳನ್ನು ನೋಡಿಬಂದರು. ಆಮೇಲೆ ಚೊಕ್ಕಟತನವೇ ಅವರ ಹಟವಾಯಿತು. ಗಿರಾಕಿಗಳು ಅಡುಗೆಮನೆಯನ್ನು ಹಾದು ಊಟದ ಕೋಣೆಗೆ ಬರುವ ವ್ಯವಸ್ಥೆ ಮಾಡಿದರು. ತಮ್ಮ ಒಲೆಯನ್ನು ಊರಿಗೆಲ್ಲ ತೋರಿಸುವ ಧೈರ್ಯ ಇವತ್ತಿಗೂ ಎಷ್ಟು ಹೋಟೆಲಿನವರಿಗಿದೆ? 1960ರಲ್ಲಿ ಹೋಟೆಲಿಗೆ ಈಗಿನ ಹೆಸರು ಬಂತು.

ಈ ಹೋಟೆಲನ್ನು ಬೆಳೆಸಿದ್ದು ಅಭಾವದ ಕಾಲಗಳು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೇನೆ ಸಿಂಗಪುರವನ್ನೂ ಬರ್ಮಾವನ್ನೂ ಹಿಡಿದಾಗ ಬರ್ಮಾದ ಅಕ್ಕಿ ಬರುವುದು ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿ ಮಾಡುವುದು ಹೇಗೆ ಎಂಬ ಪೇಚಿನಲ್ಲಿ ರವೆ ಇಡ್ಲಿ ಹುಟ್ಟಿತು ಎಂಬುದು ಎಂಟಿಆರ್‌ನ ಮಾತು. ಹುರಿದ ರವೆ, ಮೊಸರು, ಸಾಸಿವೆಯ ಒಗ್ಗರಣೆ, ಮೇಲೊಂದು ಗೋಡಂಬಿ. ಜೊತೆಗೆ ಆಲೂಗಡ್ಡೆ ಸಾಗು, ಪುಟ್ಟ ಬಟ್ಟಲಲ್ಲಿ ತುಪ್ಪ. ತುಪ್ಪವನ್ನು ಬಿಸಿ ಇಡ್ಲಿಯ ಮೇಲೆ ಸುರಿದರೆ ಅದು ಅಲ್ಲೇ ಇಂಗಿಹೋಗುತ್ತದೆ.

ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿತು. ಸಾಮಾನಿನ ಗುಣಮಟ್ಟ ಕೆಡಿಸಲು ಒಪ್ಪದ ಮಯ್ಯ ಮನೆತನದವರು ದಿನದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ಬಾಗಿಲಲ್ಲಿಟ್ಟರು. ಕೊನೆಗೆ ಹೋಟೆಲನ್ನು ಕೆಲಕಾಲ ಮುಚ್ಚಬೇಕಾಯಿತು. ದಿಢೀರ್ ಪುಡಿ, ಮಿಕ್ಸ್‌ಗಳ ವ್ಯಾಪಾರ ಬಲವಾದದ್ದು ಆ ಹೊತ್ತಿನಲ್ಲೇ. ಅದೇ ಮನೆತನದ ಸದಾನಂದ ಮಯ್ಯರು ಬೆಳೆಸಿದ ಆ ಪುಡಿಗಳ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಹೋಟೆಲು ಮಾತ್ರ ಮನೆಯವರ ಕೈಯಲ್ಲೇ ಉಳಿಯಿತು. ಅಂಗಡಿಯ ಪೊಟ್ಟಣದ ಮೇಲಿನ ಎಂಟಿಆರ್ ಬೇರೆ, ಸೆರಂಗೂನ್ ರಸ್ತೆಯ ಎಂಟಿಆರ್ ಬೇರೆ.

ಹೋಟೆಲನ್ನು ನೋಡಿಕೊಳ್ಳುತ್ತಿದ್ದ ಹರಿಶ್ಚಂದ್ರ ಮಯ್ಯರು 1999ರಲ್ಲಿ ತೀರಿಕೊಂಡ ಮೇಲೆ ಮಕ್ಕಳಾದ ಹೇಮಮಾಲಿನಿ, ವಿಕ್ರಮ್, ಅರವಿಂದ್ ಹೊಣೆ ಹೊತ್ತರು. ಹೋಟೆಲು ಕಡಲು ದಾಟಿದ್ದು ಈ ತಲೆಮಾರಿನಲ್ಲಿ. ಸೆರಂಗೂನ್ ರಸ್ತೆಯಲ್ಲಿ 1947ರಿಂದಲೂ ಕೋಮಳ ವಿಲಾಸ್ ತಮಿಳು ರುಚಿಯ ದೋಸೆ ಬಡಿಸುತ್ತಿದೆ. ಅಂಥ ಕಡೆ ಬಿಸಿಬೇಳೆ ಬಾತು, ರವೆ ಇಡ್ಲಿಗಳನ್ನು ಒಯ್ದು ನಿಲ್ಲಿಸಿದ್ದು ದೊಡ್ಡ ಕೆಲಸ. ತಮಿಳು ತಿಂಡಿಗೆ ಒಗ್ಗಿದವರೂ ಈಗ ಇಲ್ಲಿ ಕೂತು ಬೆಂಗಳೂರಿನ ಸಾಂಬಾರು ಉಣ್ಣುತ್ತಾರೆ.